ಕೆಳಬೀದಿಯ ಮೂರನೇ ಪಿನ್ನು

ಕೆಳಬೀದಿಯ ನಲವತ್ತೊಂದು ಹೊಲಿಗೆ ಮಷೀನುಗಳ ಮತ್ತು ಒಂಬತ್ತು ಇಸ್ತ್ರಿ ಪೆಟ್ಟಿಗೆಗಳ ಪ್ಲಗ್ಗುಗಳಿಂದ ಮೂರನೇ ಪಿನ್ನನ್ನು ಕತ್ತರಿಸಿ ತೆಗೆದವಳು ನಾನು. ಎರಡು ದಿನ ಹಿಡಿಯಿತು. ಕತ್ತರಿಸಿದ ಪಿನ್ನುಗಳನ್ನು ಹಳೇ ಹಿತ್ತಾಳೆ ಕೊಳ್ಳುವವನಿಗೆ ಹಾಕಿದೆ.

ನಮ್ಮ ಬೀದಿಯಲ್ಲಿ ಕರೆಂಟು ಒಬ್ಬರನ್ನೇ ಹೊಡೆಯುವುದಿಲ್ಲ. ಈ ತುದಿಯ ನೀರಿನ ಟ್ಯಾಂಕಿನಿಂದ ಆ ತುದಿಯ ಮಸೀದಿ ಗೋಡೆಯವರೆಗೆ ಆ ಕ್ಷಣದಲ್ಲಿ ಯಾರ್ಯಾರು ಇದ್ದಾರೋ ಅವರಿಗೆಲ್ಲ ಸಮಪಾಲಾಗಿ ಹಂಚಿಹೋಗುತ್ತದೆ. ತೊಟ್ಟಿಲಲ್ಲಿರುವ ಕೂಸಿಗೆ ಎಷ್ಟೋ ಮೂಟೆ ಹೊರುವ ಆಳಿಗೂ ಅಷ್ಟೇ. ತಂತಿ ಮುಟ್ಟಿದವಳಿಗೆ ಒಂದು ಗುಲಗಂಜಿ ಹೆಚ್ಚಿಲ್ಲ, ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತವಳಿಗೆ ಒಂದು ಗುಲಗಂಜಿ ಕಡಿಮೆಯಿಲ್ಲ. ಟ್ಯಾಂಕಿನಾಚೆಯ ಮೇಲ್ಬೀದಿಯಲ್ಲಿ ಹೀಗಿಲ್ಲ. ಅಲ್ಲಿ ಮುಟ್ಟಿದವರೇ ಸಾಯುತ್ತಾರೆ. ನಮ್ಮಲ್ಲಿ ಕರೆಂಟು ಹೊಡೆದು ಸತ್ತವರನ್ನು ಯಾರೂ ಕಂಡಿರಲಿಲ್ಲ. ಇನ್ನೂರರ ಹತ್ತಿರ ಜನ ಇದ್ದೆವು. ಒಂದು ಸಾವನ್ನು ಇನ್ನೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಬರುವುದು ಮೊಣಕೈ ಗೋಡೆಗೆ ತಾಗಿದಷ್ಟು ಜುಮ್ಮು, ಬಾಯಲ್ಲಿ ಒಂದಿಷ್ಟು ಕಬ್ಬಿಣದ ರುಚಿ.

ಹಾಗೆ ಜುಮ್ಮೆಂದ ಕೂಡಲೇ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬರುತ್ತಿದ್ದೆವು. "ಯಾರ ಮನೆ?" ಎಂದು ಯಾರಾದರೂ ಕೂಗುವರು. ಮುಟ್ಟಿದವಳು ಬಾಗಿಲಿಗೆ ಬಂದು "ನಮ್ಮನೆ" ಎನ್ನಬೇಕು. ಬೈಗುಳ ಇರಲಿಲ್ಲ. ನಾಲ್ಕು ಜನ ಒಳಗೆ ಹೋಗಿ ವೈರು ಎಲ್ಲಿ ಸವೆದಿದೆ, ಸ್ವಿಚ್ಚು ಎಲ್ಲಿ ಸಡಿಲವಾಗಿದೆ ನೋಡುವರು. ನನ್ನನ್ನು ಕರೆಯುವರು. ನಮ್ಮಪ್ಪ ರೇಡಿಯೋ, ಮಿಕ್ಸಿ ರಿಪೇರಿ ಮಾಡುತ್ತಿದ್ದವನು. ಅವನ ಟೆಸ್ಟರು, ಕಟಿಂಗ್ ಪ್ಲೇಯರು ನನಗೆ ಬಂದಿದ್ದವು. ನಾನು ಸರಿಮಾಡಿ ಮೇಲೇಳುವಷ್ಟರಲ್ಲಿ ಆ ಮನೆಯವಳು ಬೀದಿಗೆಲ್ಲ ಒಂದೊಂದು ಚೂರು ಬೆಲ್ಲ ಹಂಚಿರುತ್ತಿದ್ದಳು, ಬಾಯಿಯ ಕಬ್ಬಿಣದ ರುಚಿ ಹೋಗಲೆಂದು. ವರ್ಷಕ್ಕೆ ಮೂರೋ ನಾಲ್ಕೋ ಸಲ ನಾವು ಹೀಗೆ ಬೆಲ್ಲ ತಿನ್ನುತ್ತಿದ್ದೆವು.

ಬೆಲ್ಲ ತಿಂದರೂ ಏಳಲಾಗದವಳು ಒಬ್ಬಳಿದ್ದಳು, ನನ್ನ ತಂಗಿ ಭಾಗೀರಥಿ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಅವಳ ಎದೆಯ ಕವಾಟವೊಂದು ಸಡಿಲವಾಗಿತ್ತು. ನಮಗೆ ಜುಮ್ಮೆಂದು ಹೋಗುವುದು ಅವಳನ್ನು ಎರಡು ದಿನ ಮಲಗಿಸುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗುತ್ತಿತ್ತು. ಅವ್ವ ಸಾಯುವಾಗ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದಳು. ಭಾಗಿ ಮಷೀನು ತುಳಿಯುವ ಹಾಗಿಲ್ಲ. ಜಗಲಿಯ ಮೇಲೆ ಕೂತು ಕೈಯಲ್ಲೇ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಅವಳ ಕಾಜಾ ನೋಡಿ ಮಷೀನೇ ನಾಚಬೇಕು, ಹಾಗಿರುತ್ತಿತ್ತು.

ಭಾಗಿಯಂಥವರು ಇರುವ ಬೀದಿಯಲ್ಲಿ ಒಬ್ಬರ ಉದಾಸೀನ ಇನ್ನೊಬ್ಬರ ಎದೆಗೆ ಹೋಗಿ ತಾಗುತ್ತದೆಂದು ನಮಗೆ ಬುದ್ಧಿ ಹೇಳುತ್ತಿದ್ದವರು ತಿರುಮಲಮ್ಮ. ಎಪ್ಪತ್ತು ದಾಟಿದ ಹೆಂಗಸು. ಬೀದಿಗೆ ಮೊದಲ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದವರು. ಯಾರೂ ನೇಮಿಸದೆ, ಯಾರನ್ನೂ ಕೇಳದೆ, ಬೆಳಿಗ್ಗೆ ಕಾಫಿ ಕುಡಿದ ಮೇಲೆ ಮನೆಮನೆಗೆ ಹೋಗುವರು. ಪ್ಲಗ್ಗನ್ನು ವೈರು ಹಿಡಿದು ಎಳೆಯಬಾರದು, ತಲೆ ಹಿಡಿದು ಎಳೆಯಬೇಕು. ಮುಂದೆ ಮೋಟಾರು ಮಷೀನು ಬಂದ ಮೇಲೆ, ಸೂಜಿ ಬದಲಿಸುವಾಗ, ಎಣ್ಣೆ ಬಿಡುವಾಗ, ಬಾಬಿನ್ ತೆಗೆಯುವಾಗ ಸ್ವಿಚ್ಚು ಆರಿಸಿರಬೇಕು. ಇಸ್ತ್ರಿ ಮಾಡುವಾಗ ಕಾಲಡಿ ಮರದ ಹಲಗೆ. ಬಟ್ಟೆಗೆ ನೀರು ಚಿಮುಕಿಸಿದ ಕೈ ಒರೆಸಿಕೊಳ್ಳದೆ ಪೆಟ್ಟಿಗೆ ಹಿಡಿಯಬಾರದು. ಬಾಗಿಲಿಗೆ ಯಾರು ಬಂದರೂ, ಸ್ವಾಮಿಗಳೇ ಬಂದರೂ, ಮೊದಲು ಸ್ವಿಚ್ಚು, ಆಮೇಲೆ ನಮಸ್ಕಾರ.

"ತಣ್ಣಗಾಗೋಕೆ ಮುಂಚೆ ವೈರ್ ಸುತ್ತಬೇಡ ಅಂತ ಎಷ್ಟು ಸಲ ಹೇಳ್ಲೇ ಸಫೂರಾ," ಎಂದು ಒಂದು ದಿನ ನಮ್ಮ ಎದುರುಮನೆಯ ಸಫೂರಾಳನ್ನು ಹಿಡಿದುಕೊಂಡರು. ಸಫೂರಾಳ ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬರುವವನು. "ಗಂಡ ಲಾರಿಯಿಂದ ಇಳಿದ ತಕ್ಷಣ ಕೊರಳಿಗೆ ಸುತ್ಕೊಂತೀಯಲ್ಲ, ಆ ಅಭ್ಯಾಸನ ಇಸ್ತ್ರಿ ಪೆಟ್ಟಿಗೆಗೂ ಕಲಿಸಿದ್ದೀಯ."

"ಅವನು ಇದರ ಅರ್ಧ ಬಿಸಿ ಇದ್ದಿದ್ರೆ ನಾನ್ಯಾಕಜ್ಜಿ ಪೆಟ್ಟಿಗೆಗೆ ಸುತ್ಕೋತಿದ್ದೆ," ಎಂದಳು ಸಫೂರಾ. ಜಗಲಿಯ ಮೇಲಿದ್ದ ಭಾಗಿ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು.

ಇನ್ನೊಂದು ಕಟ್ಟಳೆ ಇತ್ತು. ಮದುವೆಯಿರಲಿ, ತಿಥಿಯಿರಲಿ, ಬೀದಿಯ ಅರ್ಧಕ್ಕಿಂತ ಹೆಚ್ಚು ಜನ ಒಟ್ಟಿಗೆ ಹೊರಗೆ ಹೋಗಬಾರದು. ಹೋಗಲೇಬೇಕೆಂದರೆ ಉಳಿದವರು ಯಾರೂ ಸ್ವಿಚ್ಚು ಮುಟ್ಟಬಾರದು. ಹೀಗಾಗಿ ನಮ್ಮ ನೆಂಟರ ಮದುವೆಗಳಿಗೆ ನಾವು ಎರಡು ಪಂಕ್ತಿಯಾಗಿ ಹೋಗುತ್ತಿದ್ದೆವು. ಮೊದಲ ತಂಡ ಧಾರೆಗೆ, ಎರಡನೆಯ ತಂಡ ಊಟಕ್ಕೆ. ಕೆಳಬೀದಿಯವರು ಊಟಕ್ಕೆ ಮಾತ್ರ ಬರುತ್ತಾರೆಂದು ಊರಲ್ಲಿ ಆಡಿಕೊಳ್ಳುತ್ತಿದ್ದರು.

ಉಮಾಪತಿ ಬಂದದ್ದು ಬೇಸಗೆಯಲ್ಲಿ. ಸ್ಕೂಲ್ ಯೂನಿಫಾರ್ಮಿನ ಗುತ್ತಿಗೆ ಹಿಡಿದವನು. ಬಿಳಿ ಅಂಗಿ, ಕತ್ತಿನಲ್ಲಿ ಅಳತೆ ಟೇಪು, ನಗುನಗುತ್ತಲೇ ಮಾತು. ನಾವು ಆವರೆಗೆ ತುಳಿಯುತ್ತಿದ್ದುದು ಕಾಲು ಮಷೀನು; ಮನೆಮನೆಗೆ ಮೋಟಾರು ಮಷೀನು ಕೊಡುತ್ತೇನೆ, ದೊಡ್ಡ ಇಸ್ತ್ರಿ ಪೆಟ್ಟಿಗೆ ಕೊಡುತ್ತೇನೆ, ವರ್ಷವಿಡೀ ಕೆಲಸ ಕೊಡುತ್ತೇನೆ ಎಂದ. ಇಷ್ಟನ್ನೂ ಅವನು ಹೇಳಿದ್ದು ಟ್ಯಾಂಕಿನಾಚೆ ನಿಂತು. ಬೀದಿಯೊಳಗೆ ಒಂದು ಹೆಜ್ಜೆ ಇಡಲಿಲ್ಲ. ಬಟ್ಟೆಯ ಗಂಟುಗಳನ್ನು ಅಲ್ಲೇ ಇಳಿಸುವನು, ಹೊಲಿದದ್ದನ್ನು ಅಲ್ಲೇ ತೆಗೆದುಕೊಳ್ಳುವನು. ಮಳೆಗಾಲ ಬಂದ ಮೇಲೂ ಅಷ್ಟೇ. ನಾವು ನಮ್ಮ ಜಗಲಿಗೆ ಬನ್ನಿ ಅಂದರೆ ಅವನು ಕೊಡೆ ಬಿಚ್ಚಿಕೊಂಡು ಆಚೆಯೇ ನಿಲ್ಲುವನು.

ಮಷೀನುಗಳು ಬಂದವು. ಪ್ಲಗ್ಗಿಗೆ ಮೂರು ಪಿನ್ನು, ನಮ್ಮ ಗೋಡೆಗಳಲ್ಲಿ ಎರಡು ತೂತು. ಮೂರನೆಯದು ಅರ್ಥಿನದು. ಮಷೀನಿನ ಮೈಗೆ ಎಲ್ಲಾದರೂ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಒಯ್ದು ಫ್ಯೂಸು ಹಾರಿಸುವುದು ಅದರ ಕೆಲಸ. ಅದಕ್ಕೆ ಬೀದಿಯಲ್ಲಿ ಆಳುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ಪಟ್ಟಿ ಇಳಿಸಿ, ಅಲ್ಲಿಂದ ಪ್ರತಿ ಮನೆಗೂ ತಂತಿ ಎಳೆಯಬೇಕು. ಇದನ್ನೆಲ್ಲ ನಾನು ಉಮಾಪತಿಗೆ ಹೇಳಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ ನಾನು. ಗುಂಡಿಗೆ ಎಷ್ಟು ಉಪ್ಪು ಬೇಕೆಂಬುದೂ ನನಗೆ ಗೊತ್ತಿತ್ತು.

"ಮಾಡಿಸೋಣ ದಾಕ್ಷಾಯಿಣಮ್ಮ, ಯಾರು ಬ್ಯಾಡ ಅಂದ್ರು," ಎಂದ. "ಮೊದಲನೇ ಆರ್ಡರ್ ಮುಗೀಲಿ. ಈಗ ಆ ಪಿನ್ನು ಕತ್ತರಿಸಿಬಿಡಿ. ನೀವೇ ಕತ್ತರಿಸಿದ್ರೆ ಜನ ನಂಬ್ತಾರೆ."

"ಹಾಗೆ ನಡೆಸಬಾರದು. ಮಷೀನಿನ ಮೈಯೇ ಶಾಕ್ ಕೊಡುತ್ತೆ."

"ಬ್ಯಾರೆ ಕಡೆ ಆದ್ರೆ ನಾನೇ ನಡೆಸಬೇಡಿ ಅಂತಿದ್ದೆ. ನಿಮ್ಮಲ್ಲಿ ಹಂಚ್ಕೊಳ್ಳೋ ಭಾಗ್ಯ ಐತಲ್ಲ. ಇಲ್ಲಿ ಯಾರು ಸಾಯ್ತಾರೆ ಹೇಳಿ? ನಿಮಗೆ ಅರ್ಥಿಂಗ್ ಅಂದ್ರೆ ಛತ್ರಿ ಇಟ್ಕೊಂಡೋನಿಗೆ ಇನ್ನೊಂದು ಛತ್ರಿ ಕೊಟ್ಟಂಗೆ." ನಕ್ಕ. "ಬೇಡ ಅಂದ್ರೂ ಸರಿ. ಗಾಡಿ ಹಂಗೇ ಚೌಕದ ಕಡೆ ತಿರುಗಿಸ್ತೀನಿ. ಅಲ್ಲೂ ಹೆಂಗಸ್ರಿದ್ದಾರೆ."

ನಮ್ಮ ಒಬ್ಬರ ನೋವನ್ನು ಇನ್ನೊಬ್ಬರು ಹೊರುವ ಗುಣವನ್ನು ಇವನು ತನ್ನ ಲಾಭದ ಬಾಬತ್ತಿಗೆ ಸೇರಿಸಿಕೊಂಡನೆಂಬುದು ನನಗೆ ಅಂದೇ ತಿಳಿಯಿತು. ತಿಳಿದೂ ಮನೆಗೆ ಹೋಗಿ ಕಟಿಂಗ್ ಪ್ಲೇಯರು ತಂದೆ. ಭಾಗಿಯ ಮಾತ್ರೆ ಮುಗಿಯುತ್ತ ಬಂದಿತ್ತೆಂದು ಹೇಳಬಹುದು. ಅದು ನಿಜವೂ ಹೌದು. ಆದರೆ ಮಾತ್ರೆ ಮುಗಿಯದಿದ್ದರೂ ನಾನು ಕತ್ತರಿಸುತ್ತಿದ್ದೆನೇನೋ. ಆ ಮಷೀನುಗಳು ಅಷ್ಟು ಚೆನ್ನಾಗಿದ್ದವು. ನಮ್ಮ ಬೀದಿಯ ಹೆಂಗಸರು ಅವುಗಳ ಮೈ ಸವರುತ್ತ ನಿಂತಿದ್ದನ್ನು ನೋಡಿ, ಇವು ತಿರುಗಿ ಹೋಗುವುದು ನನ್ನ ಬಾಯಿಂದ ಆಗಬಾರದು ಅನ್ನಿಸಿತು.

ತಿರುಮಲಮ್ಮ ತಮ್ಮ ಜಗಲಿಯಿಂದ ನೋಡುತ್ತಿದ್ದರು. ಸಫೂರಾಳ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಪ್ಲೇಯರು ಹಾಕಿದಾಗ ಎದ್ದು ಬಂದರು.

"ಆ ಪಿನ್ನು ಬೇಡದ್ದಾಗಿದ್ರೆ ಮಾಡಿದೋನು ಯಾಕೆ ಇಟ್ಟ ದಾಕ್ಷಿ?"

"ಮೊದಲನೇ ಆರ್ಡರ್ ಮುಗಿದ ಮೇಲೆ ಗುಂಡಿ ತೋಡಿಸ್ತಾರಂತೆ ದೊಡ್ಡಮ್ಮ."

"ಅಂತೆ," ಎಂದರು ಅವರು. ಅಷ್ಟೇ. ಹೋಗಿ ಕೂತರು.

ಮೊದಲನೆಯ ಆರ್ಡರು ಮುಗಿಯಿತು. ಎರಡನೆಯದೂ ಮುಗಿಯಿತು. ಗುಂಡಿ ಎಂದರೆ ಉಮಾಪತಿ ಆಕಾಶ ನೋಡುವನು. ಮಳೆಯ ತೇವಕ್ಕೆ ಮೋಟಾರಿನ ಮೈ ಬೆವರತೊಡಗಿತು. ಸೂಜಿಯ ಕಂಬಕ್ಕೆ ಕೈ ತಾಗಿದರೆ ಚುರುಕ್. ದಿನಕ್ಕೆ ಒಂದು ಸಲ, ಆಮೇಲೆ ನಾಲ್ಕು, ಆಮೇಲೆ ಹತ್ತು. ಮೊದಮೊದಲು ಎಲ್ಲರೂ ಹೊರಗೆ ಬಂದು "ಯಾರ ಮನೆ" ಎಂದೆವು. ಹತ್ತು ಸಲ ಎದ್ದು ಬಂದರೆ ಅಂಗಿ ಮುಗಿಯುವುದು ಯಾವಾಗ? ಕೂತಲ್ಲಿಂದಲೇ ಕೂಗಿದೆವು. ಆಮೇಲೆ ಕೂಗುವುದನ್ನೂ ಬಿಟ್ಟೆವು. ಬೆಲ್ಲ ನಿಂತುಹೋಯಿತು. ಬಾಯಲ್ಲಿ ಯಾವಾಗಲೂ ಕಬ್ಬಿಣ. ಮಕ್ಕಳು ಊಟ ಸಪ್ಪೆ ಎಂದು ರಚ್ಚೆ ಹಿಡಿದವು. ಹೊಲಿಗೆ ಮಧ್ಯದಲ್ಲಿ ಒಮ್ಮೆ ಮೈ ಅದುರಿದರೆ ಅಂಗಿಯ ಕಾಲರಿನ ಗೆರೆಯೂ ಅದುರುತ್ತದೆ. ಉಮಾಪತಿ ಅಂಥ ಅಂಗಿಗಳನ್ನು ಎತ್ತಿ ಟ್ಯಾಂಕಿನಾಚೆಯಿಂದಲೇ ಬೀಸಿ ಒಗೆಯುವನು. "ಏನ್ರಮ್ಮಾ ಇದು, ಹಾವು ಹೋದಂಗೈತೆ," ಎನ್ನುವನು.

ಭಾಗಿ ಜಗಲಿಯಿಂದ ಹಾಸಿಗೆಗೆ ಬಂದಳು. ಚುರುಕ್ ಅಂದಾಗಲೆಲ್ಲ ಒಂದು ಕೈಯಿಂದ ಎದೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅಂಗಿಗೆ ಹಚ್ಚುತ್ತಿದ್ದ ಗುಂಡಿ ಗಟ್ಟಿಯಾಗಿ ಹಿಡಿದುಕೊಳ್ಳುವಳು, ಕಳೆದುಹೋದೀತೆಂದು. ಒಂದು ಬೆಳಿಗ್ಗೆ ಅವಳ ತುಟಿಯ ಬಣ್ಣ ಸಂಜೆಯವರೆಗೂ ತಿರುಗಲಿಲ್ಲ. ಮಾರನೆಯ ದಿನ ಅವಳ ಬಟ್ಟೆ ಗಂಟು ಕಟ್ಟಿ ಮೇಲ್ಬೀದಿಯಲ್ಲಿದ್ದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದೆ.

"ನಾನು ಬಂದ್ರೆ ನನ್ನ ಪಾಲು ಯಾರಿಗೆ ಹೋಗುತ್ತಕ್ಕಾ?" ಎಂದು ಹೊರಡುವಾಗ ಕೇಳಿದ್ದಳು.

"ನೂರ ತೊಂಬತ್ತು ಜನ ಇದ್ದಾರೆ. ಒಂದು ಇರುವೆ ಕಚ್ಚಿದಷ್ಟು ಹೆಚ್ಚಾಗುತ್ತೆ. ಬಾ ಸುಮ್ನೆ."

ಲೆಕ್ಕ ಸರಿಯಾಗಿತ್ತು. ಆದರೆ ಬೀದಿಯಲ್ಲಿ ಮೈಯಲ್ಲಿ ಬಲವಿಲ್ಲದವಳು ಭಾಗಿ ಒಬ್ಬಳೇ ಅಲ್ಲ. ನಾನು, ಪ್ಲಗ್ಗು ಕತ್ತರಿಸಿದ ನಾನೇ, ನಮ್ಮ ಮನೆಯವಳನ್ನು ದಾಟಿಸಿದ್ದನ್ನು ಎಲ್ಲರೂ ನೋಡಿದರು. ಆ ವಾರದಲ್ಲೇ ಒಬ್ಬರು ಬಾಣಂತಿಯನ್ನು ಕಳಿಸಿದರು. ಇನ್ನೊಬ್ಬರು ದಮ್ಮಿನ ಮಾವನನ್ನು. ಆಮೇಲೆ ಮಕ್ಕಳು. ಮಕ್ಕಳು ಹೋದ ಮೇಲೆ ತಾಯಂದಿರು. ಒಬ್ಬೊಬ್ಬರು ಹೋದಾಗಲೂ ಉಳಿದವರಿಗೆ ಇರುವೆ ಕಚ್ಚುವುದು ಚೇಳು ಕಚ್ಚಿದಂತಾಯಿತು. ಚೇಳು ಕಚ್ಚಿದ್ದರಿಂದ ಇನ್ನಷ್ಟು ಜನ ಹೋದರು. ಮೇಲ್ಬೀದಿಯಲ್ಲಿ, ಚೌಕದಲ್ಲಿ, ಎಲ್ಲೆಲ್ಲಿ ಒಂದು ಕೋಣೆ ಸಿಕ್ಕಿತೋ ಅಲ್ಲಲ್ಲಿ. ಬಿಟ್ಟುಹೋದವರನ್ನು ಉಳಿದವರು ಶಪಿಸಿದರು. ಉಮಾಪತಿಯನ್ನು ಶಪಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನು ಏನನ್ನೂ ಮುಟ್ಟಿರಲಿಲ್ಲವಲ್ಲ.

ಶ್ರಾವಣದ ಹೊತ್ತಿಗೆ ಉಳಿದವರು ಮೂವತ್ತು ಚಿಲ್ಲರೆ ಜನ, ಓಡುತ್ತಿದ್ದುದು ಹನ್ನೆರಡು ಮಷೀನು. ಬೇರೆ ಕಡೆ ನೆಂಟರಿಲ್ಲದವರು, ಹೋದರೆ ಎಲ್ಲಿಗೆ ಅನ್ನುವವರು. ಸಫೂರಾ ಇದ್ದಳು. ನಾನಿದ್ದೆ. ತಿರುಮಲಮ್ಮ ಇದ್ದರು. ಅವರ ಮಗ ಬಂದು ಮೇಲ್ಬೀದಿಗೆ ಕರೆದ.

"ನಾನು ಹೋದ್ರೆ ಇವರಿಗೆ ಒಂದು ಪಾಲು ಹೆಚ್ಚಾಗುತ್ತೆ ಕಣಪ್ಪ," ಎಂದರು. "ಮುದಿ ಮೈಯಾದ್ರೂ ಒಂದು ಪಾಲು ಹೊರುತ್ತೆ."

ನನ್ನನ್ನು ನೋಡಿ ಹೇಳಲಿಲ್ಲ. ಯಾರನ್ನೂ ಚುಚ್ಚಿ ಮಾತಾಡುವ ಹೆಂಗಸಲ್ಲ ಅವರು. ಆದರೂ ಚುಚ್ಚಿತು. ಆ ದಿನಗಳಲ್ಲಿ ಅವರು ಮನೆಮನೆ ಸುತ್ತುವುದನ್ನು ಬಿಟ್ಟಿರಲಿಲ್ಲ. ಬೀಗ ಹಾಕಿದ ಬಾಗಿಲುಗಳನ್ನು ದಾಟಿ ಹೋಗಿ ಹಲಗೆ ಒಣಗಿದೆಯೇ, ಕೈ ಒಣಗಿದೆಯೇ ನೋಡುವರು. ನಮ್ಮ ಅಭ್ಯಾಸಗಳೆಲ್ಲ ಸರಿಯಾಗಿದ್ದವು. ಇಲ್ಲದಿದ್ದುದು ಒಂದು ಗೇಣು ತಂತಿ, ಒಂದು ಗುಂಡಿ, ಒಂದು ಪಿನ್ನು.

ಆ ಸೋಮವಾರ ಬೀದಿ ಬಿಟ್ಟುಹೋದ ಬಾಣಂತಿಯ ಕೂಸಿಗೆ ಮೇಲ್ಬೀದಿಯಲ್ಲಿ ಹೆಸರಿಡುವ ಶಾಸ್ತ್ರ. ಎಷ್ಟೋ ವಾರಗಳ ಮೇಲೆ ಹಳೆಯ ಮುಖಗಳನ್ನು ನೋಡುವ ಆಸೆ ಎಲ್ಲರಿಗೂ. ಅರ್ಧ ಜನ ಮೊದಲು ಹೋಗಿ ಅರ್ಧ ಜನ ಆಮೇಲೆ ಹೋಗಿ ಎಂದರು ತಿರುಮಲಮ್ಮ. "ಮೂವತ್ತರಲ್ಲಿ ಅರ್ಧ ಏನು ದೊಡ್ಡಮ್ಮ, ಎಲ್ಲ ಮಷೀನು ಆರಿಸಿ ಒಟ್ಟಿಗೆ ಹೋಗಿ ಬರ್ತೀವಿ," ಎಂದವಳು ನಾನು. ಭಾಗಿಯನ್ನು ನೋಡುವ ಅವಸರ ನನಗೆ. ಹೋಗುವಾಗ ಒಂದೊಂದು ಮನೆಯ ಸ್ವಿಚ್ಚನ್ನೂ ನೋಡಿಕೊಂಡೇ ಹೋದೆ. ಸಫೂರಾ ಬರಲಿಲ್ಲ, ತಲೆನೋವೆಂದು ಮಲಗಿದ್ದಳು. ಅವಳಲ್ಲದೆ ತಿರುಮಲಮ್ಮ, ಮಸೀದಿಯ ಗೋಡೆ ಪಕ್ಕದ ಮನೆಯ ಐದು ಜನ ಉಳಿದರು. ಒಟ್ಟು ಏಳು.

ನಾವು ಹೋದ ಮೇಲೆ ಉಮಾಪತಿ ಟ್ಯಾಂಕಿನ ಹತ್ತಿರ ಬಂದು ಸಫೂರಾಳನ್ನು ಕೂಗಿ ಕರೆದನಂತೆ. ಅರವತ್ತು ಅಂಗಿ ಇಸ್ತ್ರಿಯಾಗಿಲ್ಲ, ಸಾಯಂಕಾಲ ಶಾಲೆಗೆ ಮುಟ್ಟಿಸಬೇಕು, ಆಗದಿದ್ದರೆ ನಾಳೆಯಿಂದ ಗಂಟು ಇಳಿಸುವುದಿಲ್ಲ ಎಂದನಂತೆ. ಬೀದಿ ಖಾಲಿ ಇದೆ ಸಾರ್ ಎಂದಳಂತೆ ಇವಳು. ಕೈ ಒಣಗಿಸ್ಕೊಂಡು ಹುಷಾರಾಗಿ ಮಾಡಮ್ಮ, ಇಷ್ಟು ದಿನ ಆಗದ್ದು ಇವತ್ತೇನಾಗುತ್ತೆ ಎಂದನಂತೆ.

ಮೇಲ್ಬೀದಿಯಲ್ಲಿ ನನಗೆ ಏನೂ ಆಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ. ಎಲೆಯ ಮೇಲೆ ಒಬ್ಬಟ್ಟು ಬಡಿಸಿದ್ದರು. ಪಕ್ಕದಲ್ಲಿ ಭಾಗಿ, ತುಟಿ ಕೆಂಪಗೆ. ಚೆನ್ನಾಗಿದ್ದೀಯ ಕಣೇ ಎಂದು ನಾನು ಅವಳಿಗೆ ಹೇಳುತ್ತಿದ್ದ ಹೊತ್ತು, ಅಲ್ಲಿ ಒಂದು ಸಾವು ಏಳು ಪಾಲಾಯಿತು. ಗೋಡೆ ಪಕ್ಕದ ಮನೆಯವನು ಕಾಲೆಳೆಯುತ್ತ ಓಡಿ ಬಂದು ಹೇಳಿದಾಗ ನನ್ನ ಬಾಯಲ್ಲಿ ಒಬ್ಬಟ್ಟಿನ ರುಚಿ ಇತ್ತು.

ತಿರುಮಲಮ್ಮ ತಮ್ಮ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಂತೆಯೇ ಇದ್ದರು. ಅವರ ಕೈ ಯಾವ ತಂತಿಯನ್ನೂ ಮುಟ್ಟಿರಲಿಲ್ಲ. ಮಡಿಲಲ್ಲಿ ಅವರೆಕಾಯಿ, ಅರ್ಧ ಸುಲಿದದ್ದು. ಖಾಲಿ ಬೀದಿಯ ನಡುವೆ ಸಫೂರಾ ನಿಂತಿದ್ದಳು. ಬಿಸಿ ಪೆಟ್ಟಿಗೆ ತಾಗಿ ಮುಂಗೈ ಕಪ್ಪಾಗಿತ್ತು. ಕೇಳಲು ಯಾರೂ ಇಲ್ಲದಿದ್ದರೂ "ನಮ್ಮನೆ, ನಮ್ಮನೆ" ಎನ್ನುತ್ತಲೇ ಇದ್ದಳು. ಎಷ್ಟು ಹೊತ್ತಿನಿಂದ ಹೇಳುತ್ತಿದ್ದಳೋ. ನನ್ನನ್ನು ಕಂಡು ತೋಳು ಹಿಡಿದುಕೊಂಡಳು.

"ಕೈ ಒದ್ದೆ ಇರಲಿಲ್ಲ ಕಣಕ್ಕಾ. ದುಪಟ್ಟಾದಲ್ಲಿ ಒರೆಸ್ಕೊಂಡಿದ್ದೆ, ಎರಡು ಸಲ. ಹಲಗೆ ಮೇಲೇ ನಿಂತಿದ್ದೆ. ಅಂಗಿ ತಿರುಗಿಸುವಾಗ ಮೊಣಕೈ ಕಿಟಕಿ ಸರಳಿಗೆ ತಾಗ್ತು, ಅಷ್ಟೇ. ನಾನು ಏನು ತಪ್ಪು ಮಾಡ್ದೆ ಹೇಳಕ್ಕಾ. ಎಲ್ಲಿ ತಪ್ಪು ಮಾಡ್ದೆ?"

ನಾನು ಅವಳ ಮನೆಗೆ ಹೋಗಿ ನೋಡಿದೆ. ಪೆಟ್ಟಿಗೆಯ ಕೊರಳಿನಲ್ಲಿ ವೈರಿನ ಹೊದಿಕೆ ಸವೆದು ಒಳಗಿನ ಎಳೆ ಕಬ್ಬಿಣಕ್ಕೆ ತಾಗಿತ್ತು. ಪಿನ್ನು ಇದ್ದಿದ್ದರೆ, ಪಿನ್ನಿಗೊಂದು ತೂತು, ತೂತಿಗೊಂದು ತಂತಿ, ತಂತಿಗೊಂದು ಗುಂಡಿ ಇದ್ದಿದ್ದರೆ ಫ್ಯೂಸು ಹಾರುತ್ತಿತ್ತು. ಫ್ಯೂಸು ಹಾಕಿಕೊಡೆಂದು ಸಫೂರಾ ಬೈದುಕೊಳ್ಳುತ್ತ ನನ್ನನ್ನು ಕರೆಯುತ್ತಿದ್ದಳು, ಅಷ್ಟೇ. ಪ್ಲಗ್ಗನ್ನು ತಲೆ ಹಿಡಿದು ಎಳೆದೆ. ನನ್ನ ಪ್ಲೇಯರು ಕಚ್ಚಿದ ಗುರುತು ಹೊಳೆಯುತ್ತಿತ್ತು. ಪ್ಲಗ್ಗನ್ನು ವೈರಿನಿಂದ ಬಿಚ್ಚಿ, ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ. ಏನಾಗಿತ್ತಕ್ಕಾ ಎಂದು ಹೊರಗೆ ನೆರೆದವರು ಕೇಳಿದರು. ವೈರು ಸವೆದಿತ್ತು ಎಂದೆ. ಅಷ್ಟೇ ಹೇಳಿದೆ.

ಉಮಾಪತಿ ಹೂವಿನ ಹಾರ ಕಳಿಸಿದ. ಹಾರದ ಜೊತೆಗೆ ಮಾತನ್ನೂ ಕಳಿಸಿದ: ಆ ಹುಡುಗಿ ಒದ್ದೆ ಕೈಯಲ್ಲಿ ಮುಟ್ಟಿದಳಂತೆ, ಪಾಪ. ಮಾತು ಚೌಕದವರೆಗೂ ಹೋಗಿ ತಿರುಗಿ ಬೀದಿಗೆ ಬಂತು. ಸಾವಿನ ಮನೆಗೆ ಬಂದವರು ಸಫೂರಾಳ ಮನೆಯ ಮುಂದೆ ನಿಧಾನವಾಗಿ ನಡೆದರು. ಅವಳು ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಕಿಟಕಿಯಿಂದ ನೋಡಿದರೆ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ ಕೂತಿದ್ದಳು, ಇನ್ನೂ ಒಣಗಬೇಕೆನ್ನುವ ಹಾಗೆ. ನಾನು ನೋಡಿಯೂ ನಮ್ಮ ಬಾಗಿಲೊಳಗೆ ಹೋದೆ. ಹನ್ನೆರಡನೆಯ ದಿನದವರೆಗೂ ಹಾಗೆಯೇ ಒಳಗೆ ಹೋದೆ.

ಹದಿಮೂರನೆಯ ದಿನ ಬೆಳಿಗ್ಗೆ ಭಾಗಿ ಬಂದಳು. ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಟ್ಯಾಂಕಿನ ಹತ್ತಿರ ಎರಡು ಸಲ ನಿಂತು ಉಸಿರು ಸುಧಾರಿಸಿಕೊಂಡು, ನಡೆದೇ ಬಂದಳು. ನೀರು ಕೊಟ್ಟೆ. ಕುಡಿಯಲಿಲ್ಲ.

"ಸಫೂರಾ ಕೈ ಒದ್ದೆ ಇತ್ತಾ ಅಕ್ಕಾ?"

"ಇರಲಿಲ್ಲ."

"ಮತ್ತೆ ಊರೆಲ್ಲ ಹಂಗಂತೈತೆ, ನೀನ್ಯಾಕೆ ಇಲ್ಲ ಅನ್ನಲಿಲ್ಲ?"

ಅವಳು ಗೂಟಕ್ಕೆ ನೇತುಹಾಕಿದ್ದ ಪ್ಲೇಯರಿನ ಕಡೆ ನೋಡಿದಳು. ಅವಳು ಅಪ್ಪನ ಮಗಳು ತಾನೇ. ಪಿನ್ನಿನ ಕೆಲಸ ಏನೆಂದು ಅವಳಿಗೂ ಗೊತ್ತು.

"ನನ್ನ ಮಾತ್ರೆಗೋಸ್ಕರ ಮಾಡ್ದೆ ಅಂತ ಮಾತ್ರ ಹೇಳಬೇಡ," ಎಂದಳು. "ಆ ಭಾರ ಹೊರೋಕೆ ನನ್ನ ಎದೇಲಿ ಜಾಗ ಇಲ್ಲ."

ನಾನು ಎದುರುಮನೆಗೆ ಹೋಗಿ ಬಾಗಿಲು ತಟ್ಟಿದೆ. ಸಫೂರಾ ಅರ್ಧ ತೆರೆದಳು. ಅವಳ ಬಾಗಿಲ ಮುಂದೆ ಆಗ ಹದಿನೈದಿಪ್ಪತ್ತು ಜನ ಇದ್ದರು; ಬೀದಿ ಬಿಟ್ಟುಹೋದವರೂ ತಿರುಮಲಮ್ಮನ ತಿಥಿಗೆಂದು ಬಂದಿದ್ದರು. ಅಂದು ಮುಚ್ಚಿಟ್ಟಿದ್ದ ಅವಳ ಪ್ಲಗ್ಗನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಇದನ್ನು ಕತ್ತರಿಸಿದವಳು ನಾನು, ಕತ್ತರಿಸಬಾರದೆಂದು ತಿಳಿದೇ ಕತ್ತರಿಸಿದೆ, ಇವಳ ಕೈ ಒಣಗಿತ್ತು ಎಂದೆ. ಯಾರೂ ಬೈಯಲಿಲ್ಲ. ತಿರುಮಲಮ್ಮನ ಮಗ ನನ್ನನ್ನು ಒಂದು ಸಲ ನೋಡಿ ಮುಖ ತಿರುಗಿಸಿದ. ಸಫೂರಾ ಬಾಗಿಲು ಪೂರ್ತಿ ತೆರೆದಳು, ಆದರೆ ನನ್ನನ್ನು ಒಳಗೆ ಕರೆಯಲಿಲ್ಲ. ಇವತ್ತಿಗೂ ಕರೆದಿಲ್ಲ.

ಅಷ್ಟರಲ್ಲಿ ಟ್ಯಾಂಕಿನ ಕಡೆ ಹಾರ್ನು. ಉಮಾಪತಿ ಗಂಟುಗಳನ್ನು ಇಳಿಸಿಯಾಗಿತ್ತು.

"ದಾಕ್ಷಾಯಿಣಮ್ಮ, ಹದಿಮೂರು ದಿನ ಬಿಟ್ಟಿದ್ದೀನಿ, ನನಗೂ ಮನುಷ್ಯತ್ವ ಐತೆ," ಎಂದು ಆಚೆಯಿಂದ ಕೂಗಿದ. "ಹನ್ನೆರಡು ಮಷೀನೂ ಈಗ ಶುರು ಆಗಬೇಕು. ಇವತ್ತು ಹೆಂಗೂ ಜನ ಬಂದಿದ್ದಾರಲ್ಲ, ಎಲ್ಲರೂ ಸಾಯಂಕಾಲದ ತನಕ ಕೂತಿರಲಿ, ಪಾಲು ಕಡಿಮೆಯಾಗುತ್ತೆ."

ಗುಂಡಿ ಎಂದೆ. ಮುಂದಿನ ಆರ್ಡರಿಗೆ ಎಂದ. ಅವನ ಕಣ್ಣು ನಮ್ಮ ಜಗಲಿಯ ಮೇಲೆ ಬಿತ್ತು. ಅಲ್ಲಿ ಭಾಗಿ ಚಾಪೆ ಹಾಸಿ, ಗಂಟು ಬಿಚ್ಚಿ, ಸೀರೆಗಳನ್ನು ಒಂದರ ಮೇಲೊಂದು ಮಡಿಸಿಡುತ್ತಿದ್ದಳು.

"ನಿಮ್ಮ ತಂಗಿನ ಯಾಕೆ ಕರ್ಕೊಂಡು ಬಂದ್ರಿ? ಮೊದಲು ಅವಳನ್ನ ಆಚೆ ಕಳಿಸಿ. ನಾಳೆ ಅವಳಿಗೇನಾದ್ರೂ ಆದ್ರೆ ನನ್ನ ತಲೆಗೆ ಕಟ್ತೀರ."

ಬೀದಿಯಲ್ಲಿ ಯಾರೂ ಸ್ವಿಚ್ಚಿನ ಕಡೆ ಹೋಗಲಿಲ್ಲ. ಎಲ್ಲರೂ ಭಾಗಿಯನ್ನು ನೋಡುತ್ತಿದ್ದರು. ಅವಳು ಕೂತಿರುವ ತನಕ ಯಾರ ಕೈಯೂ ಸ್ವಿಚ್ಚಿಗೆ ಹೋಗದೆಂದು ಅವನಿಗೂ ತಿಳಿಯಿತು. ಅವಳಿಗೆ ಮೊದಲೇ ತಿಳಿದಿತ್ತು. ಅದನ್ನೇ ತಿಳಿದುಕೊಂಡು ಬಂದಿದ್ದಳು. ನನಗೆ ಮಾತ್ರ ಅವಳ ತುಟಿಯ ಬಣ್ಣ ಕಾಣುತ್ತಿತ್ತು. ಇಷ್ಟು ಜನರ ನಡುವೆ ಯಾರೋ ಒಬ್ಬಳು, ಕೆಲಸ ತಪ್ಪಿಹೋದೀತೆಂಬ ಭಯಕ್ಕೆ, ಕಣ್ಣು ಮುಚ್ಚಿ ಒಂದು ಮೋಟಾರು ಹಾಕಿಬಿಟ್ಟರೆ ಏನು ಗತಿ. ನಾನು ಅವಳ ಮುಂದೆ ಕೂತು, ಎಲ್ಲರ ಎದುರಿಗೇ, ಕೈ ಮುಗಿದೆ.

"ಏಳವ್ವ ಭಾಗಿ. ಚಿಕ್ಕಮ್ಮನ ಮನೆಗೆ ಹೋಗು. ಗುಂಡಿ ನಾನು ತೋಡಿಸ್ತೀನಿ, ನಾನೇ ತೋಡ್ತೀನಿ. ನೀನು ಆಚೆ ಇರು ಸಾಕು."

"ನೀನು ತೋಡು," ಎಂದಳು ಅವಳು. "ಅಲ್ಲೀತನಕ ನಾನು ಇಲ್ಲಿಂದ ಏಳಲ್ಲ."